ಉತ್ತರ ನೋಡಿದರೆ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ

ಪ್ರಶ್ನೆ: ನಾನು ಬಿ.ಕಾಂ. ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಪಿಯುಸಿಯಲ್ಲಿ ಶೇ 91 ಅಂಕ ಬಂದಿತ್ತು. ಈಗ ಸಂಖ್ಯಾಶಾಸ್ತ್ರ, ವೆಚ್ಚ ಲೆಕ್ಕಶಾಸ್ತ್ರ ಮತ್ತು ಅರ್ಥಶಾಸ್ತ್ರದ ಲೆಕ್ಕಗಳು ಕೈಗೆ ಹತ್ತುತ್ತಿಲ್ಲ. ಮನೆಯಲ್ಲಿ ಮೊಬೈಲ್ ಆ್ಯಪ್‌ನಲ್ಲಿ ಲೆಕ್ಕದ ಚಿತ್ರ ತೆಗೆದು ಹಾಕಿದರೆ ಉತ್ತರ ಹಂತಹಂತವಾಗಿ ಬರುತ್ತದೆ. ಓದಿದಾಗ ಎಲ್ಲವೂ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ಮೊದಲ ಸಾಲೇ ಹೊಳೆಯುವುದಿಲ್ಲ. ಕಳೆದ ಕಿರುಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರಕ್ಕೆ 20ಕ್ಕೆ 6 ಬಂತು. ಅದರ ಒಂದು ಪುಟದ ಚಿತ್ರವನ್ನು ಜೊತೆಗೆ ಇಟ್ಟಿದ್ದೇನೆ. ಬಿ.ಎಸ್ಸಿ. ಓದುತ್ತಿರುವ ನನ್ನ ತಮ್ಮನಿಗೂ ಭೌತಶಾಸ್ತ್ರದಲ್ಲಿ ಇದೇ ಪಾಡು. ನನ್ನ ತಲೆಗೆ ಗಣಿತ ಹತ್ತುವುದಿಲ್ಲವೇ? ಕನ್ನಡ ಮಾಧ್ಯಮದಲ್ಲಿ ಓದಿದ್ದು ಕಾರಣವೇ? ಟ್ಯೂಷನ್‌ಗೆ ಸೇರಬೇಕೇ? ಗೆಳತಿಯರು ಹಣ ಕೊಟ್ಟು ಅಸೈನ್‌ಮೆಂಟ್ ಬರೆಸುತ್ತಾರೆ, ಅವರಿಗೆಲ್ಲ ಒಳ್ಳೆಯ ಅಂಕ ಬರುತ್ತಿದೆ. ನಾನೇನು ಮಾಡಲಿ?

ಉತ್ತರ: ನೀವು ಕಳುಹಿಸಿದ ಪುಟವನ್ನು ಎರಡು ಸಲ ನೋಡಿದೆ. ನಿಮ್ಮ ಕಷ್ಟದ ಮೂಲ ಆ ಪುಟದಲ್ಲೇ ಇದೆ. ಹಾಗಾಗಿ ಸಲಹೆಗಿಂತ ಮೊದಲು ಅದನ್ನೇ ನೋಡೋಣ.

ಲೆಕ್ಕ ಹೀಗಿದೆ. ಒಂದು ಕಾರ್ಖಾನೆಯ ಬಲ್ಬ್‌ಗಳಲ್ಲಿ ಶೇ 10 ದೋಷಪೂರಿತ. ಯಾದೃಚ್ಛಿಕವಾಗಿ 5 ಬಲ್ಬ್ ತೆಗೆದರೆ ಅವುಗಳಲ್ಲಿ ಕನಿಷ್ಠ 2 ದೋಷಪೂರಿತವಾಗಿರುವ ಸಂಭವನೀಯತೆ ಎಷ್ಟು? ನೀವು ಒಂದೂ ಕೆಟ್ಟಿಲ್ಲದಿರುವ ಸಂಭವನೀಯತೆಯನ್ನು 0.59049 ಎಂದು, ಒಂದು ಕೆಟ್ಟಿರುವುದನ್ನು 0.32805 ಎಂದು, ಎರಡು ಕೆಟ್ಟಿರುವುದನ್ನು 0.0729 ಎಂದು ಕಂಡುಹಿಡಿದಿದ್ದೀರಿ. ಮೂರೂ ಸರಿ. ಮೂರನ್ನೂ ಕೂಡಿ 0.99144 ಎಂದು ಬರೆದಿದ್ದೀರಿ. ಕೂಡಿದ್ದೂ ಸರಿ. ಸೂತ್ರ ಸರಿ, ಘಾತ ಸರಿ, ದಶಮಾಂಶ ಸರಿ. ಆದರೂ ಪುಟದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ, ಐದಕ್ಕೆ ಸೊನ್ನೆ. ಏಕೆಂದರೆ ನೀವು ಉತ್ತರಿಸಿದ್ದು ಬೇರೊಂದು ಪ್ರಶ್ನೆಗೆ. ‘ಹೆಚ್ಚೆಂದರೆ ಎರಡು’ ಎಂದು ಕೇಳಿದ್ದರೆ ನಿಮಗೆ ಪೂರ್ಣ ಅಂಕ ಸಿಗುತ್ತಿತ್ತು. ಕೇಳಿದ್ದು ‘ಎರಡಾದರೂ’. ಅಂದರೆ ಎರಡು, ಮೂರು, ನಾಲ್ಕು ಅಥವಾ ಐದು. ಒಂದರಿಂದ ಮೊದಲಿನ ಎರಡು ಸಂಖ್ಯೆಗಳನ್ನು ಕಳೆದರೆ ಸಾಕು: 0.08146. ನೂರಕ್ಕೆ ಸುಮಾರು ಎಂಟು.

ಇಂಥ ಪುಟಗಳನ್ನು ಮೂವತ್ತು ವರ್ಷ ತಿದ್ದಿದ್ದೇನೆ. ಲೆಕ್ಕ ಬಾರದೆ ಅಂಕ ಕಳೆದುಕೊಂಡವರಿಗಿಂತ ಪ್ರಶ್ನೆಯನ್ನು ಬೇರೆಯಾಗಿ ಓದಿ ಕಳೆದುಕೊಂಡವರೇ ನನ್ನ ಕೈಗೆ ಹೆಚ್ಚಾಗಿ ಸಿಕ್ಕಿದ್ದಾರೆ. ಅವರಲ್ಲಿ ಬಹಳ ಮಂದಿ ನಿಮ್ಮ ಹಾಗೆಯೇ ತಮಗೆ ಗಣಿತ ಹತ್ತುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದರು. ಆ ತೀರ್ಮಾನ ನನಗೆ ಬಹಳ ನೋವು ಕೊಡುತ್ತದೆ. ಎದುರಿಗಿರುವ ಪುಟವೇ ಅದನ್ನು ಸುಳ್ಳು ಎನ್ನುತ್ತಿರುತ್ತದೆ, ಆದರೆ ಅಡ್ಡಗೆರೆ ಬಿದ್ದ ಪುಟವನ್ನು ಮತ್ತೆ ಓದುವ ಧೈರ್ಯ ಯಾರಿಗೂ ಇರುವುದಿಲ್ಲ.

ಬುದ್ಧಿಯ ಮಾತು ಬಂದದ್ದರಿಂದ ಒಂದು ಪ್ರಸಂಗ ಹೇಳುತ್ತೇನೆ. 1978ರಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಬೋಧನಾ ಆಸ್ಪತ್ರೆಗಳಲ್ಲಿ 60 ಜನ ವೈದ್ಯರು ಮತ್ತು ಅಂತಿಮ ವರ್ಷದ ವೈದ್ಯ ವಿದ್ಯಾರ್ಥಿಗಳ ಮುಂದೆ ಒಂದು ಲೆಕ್ಕ ಇಟ್ಟರು. ಒಂದು ರೋಗ ಸಾವಿರಕ್ಕೆ ಒಬ್ಬರಿಗೆ ಇದೆ. ಅದನ್ನು ಪತ್ತೆ ಮಾಡುವ ಪರೀಕ್ಷೆ ಆರೋಗ್ಯವಂತರಲ್ಲಿ ಶೇ 5 ಮಂದಿಗೆ ರೋಗ ಇದೆ ಎಂದು ತಪ್ಪಾಗಿ ತೋರಿಸುತ್ತದೆ. ಒಬ್ಬ ವ್ಯಕ್ತಿಗೆ ರೋಗ ಇದೆ ಎಂದು ಫಲಿತಾಂಶ ಬಂದಿದೆ, ಅವನಿಗೆ ನಿಜವಾಗಿ ರೋಗ ಇರುವ ಸಂಭವನೀಯತೆ ಎಷ್ಟು? ಅತಿ ಹೆಚ್ಚು ಮಂದಿ ಕೊಟ್ಟ ಉತ್ತರ ಶೇ 95. ಸರಿಯಾದ ಉತ್ತರ ಸುಮಾರು ಶೇ 2. ಅದನ್ನು ಹೇಳಿದವರು 60ರಲ್ಲಿ 11 ಮಂದಿ ಮಾತ್ರ. ಅವರ ಬುದ್ಧಿಯನ್ನು ಯಾರು ಅನುಮಾನಿಸುತ್ತಾರೆ?

ಈಗ ಅದೇ ಲೆಕ್ಕದಲ್ಲಿ ಶೇಕಡಾವಾರು ಬಿಟ್ಟು ತಲೆ ಎಣಿಸಿ. ಒಂದು ಊರಿನ ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿ. ಒಬ್ಬರಿಗೆ ರೋಗ ಇದೆ, ಪರೀಕ್ಷೆ ಅವರನ್ನು ಹಿಡಿಯುತ್ತದೆ ಎಂದುಕೊಳ್ಳಿ. ಉಳಿದ 999 ಮಂದಿಯಲ್ಲಿ ಶೇ 5, ಅಂದರೆ ಸುಮಾರು 50 ಮಂದಿಗೆ ಸುಳ್ಳು ಫಲಿತಾಂಶ ಬರುತ್ತದೆ. ರೋಗ ಇದೆ ಎಂಬ ಚೀಟಿ ಹಿಡಿದವರು ಒಟ್ಟು 51, ಅವರಲ್ಲಿ ನಿಜವಾದ ರೋಗಿ ಒಬ್ಬರು. ನನ್ನ ತರಗತಿಗಳಲ್ಲಿ ಇಂಥ ಲೆಕ್ಕಕ್ಕೆ ಬಳಸುವ ಬೇಯ್ಸ್ ಸೂತ್ರ ಎಂದೊಡನೆ ಮುಖ ಬಾಡಿಸಿಕೊಳ್ಳುತ್ತಿದ್ದವರು ಈ ಸಾಲು ನಿಲ್ಲಿಸುವ ಕ್ರಮದಲ್ಲಿ ತಾವೇ ಉತ್ತರ ಹೇಳಿದ್ದಾರೆ. ಸೂತ್ರ ಆಮೇಲೆ ಬಂದರೂ ನಡೆಯುತ್ತದೆ. ಮೊದಲು ಪ್ರಶ್ನೆಯಲ್ಲಿರುವ ಜನ, ವಸ್ತು, ಹಣ ಕಣ್ಣಿಗೆ ಕಾಣಬೇಕು.

ಕನ್ನಡ ಮಾಧ್ಯಮದ ವಿಷಯದಲ್ಲಿ ನಿಮ್ಮ ಅನುಮಾನ ಅರ್ಧ ನಿಜ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಅಟ್ ಲೀಸ್ಟ್’ ಎಂಬ ಪದ ಕಂಡೊಡನೆ ಮನಸ್ಸು ‘ಕಡಿಮೆ’ಯ ಕಡೆಗೆ ಹೊರಳುತ್ತದೆ. ಪಠ್ಯಪುಸ್ತಕದ ‘ಕನಿಷ್ಠ’ ಎಂಬ ಸಂಸ್ಕೃತ ಪದವೂ ಅದೇ ಕಡೆಗೆ ಎಳೆಯುತ್ತದೆ. ಆದರೆ ಮನೆಮಾತಿನ ‘ಎರಡಾದರೂ’ ಎಂಬುದನ್ನು ಯಾವ ಮಗುವೂ ತಪ್ಪಾಗಿ ತಿಳಿಯುವುದಿಲ್ಲ. ‘ಎರಡಾದರೂ ಬಾಳೆಹಣ್ಣು ತಾ’ ಎಂದರೆ ಒಂದನ್ನು ತಂದವರುಂಟೇ? ಶೇಕಡಾವಾರಿನಲ್ಲಿ ನಮ್ಮ ಭಾಷೆ ಇನ್ನೂ ನಿಖರ. ‘ಶೇ 20ರಷ್ಟು ಏರಿತು’ ಎಂಬುದಕ್ಕೂ ‘ಶೇ 20ಕ್ಕೆ ಏರಿತು’ ಎಂಬುದಕ್ಕೂ ಒಂದು ಪ್ರತ್ಯಯದ ವ್ಯತ್ಯಾಸ, ಅರ್ಥದಲ್ಲಿ ಆಕಾಶ ಭೂಮಿಯ ಅಂತರ. ಬಡ್ಡಿದರ ಶೇ 6ರಿಂದ ಶೇ 6.5ಕ್ಕೆ ಹೋದರೆ ಏರಿದ್ದು ಅರ್ಧ ಶೇಕಡಾ ಅಂಶ. ಆದರೆ ಮೊದಲಿದ್ದ ದರಕ್ಕೆ ಹೋಲಿಸಿದರೆ ಅದು ಶೇ 8.33ರಷ್ಟು ಏರಿಕೆ. ಇಂಗ್ಲಿಷ್‌ನಲ್ಲಿ ‘ಬೈ’ ಮತ್ತು ‘ಟು’ ಎಂಬ ಎರಡು ಪುಟ್ಟ ಪದಗಳ ನಡುವೆ ಅಡಗುವ ಈ ಭೇದವನ್ನು ‘ರಷ್ಟು’ ಮತ್ತು ‘ಕ್ಕೆ’ ಎತ್ತಿ ತೋರಿಸುತ್ತವೆ.

ಆದ್ದರಿಂದ ಪ್ರಶ್ನೆ ಇಂಗ್ಲಿಷ್‌ನಲ್ಲಿದ್ದರೆ ಅದರ ಕೆಳಗೆ ಒಂದು ಸಾಲು ಕನ್ನಡದಲ್ಲಿ ಬರೆದುಕೊಳ್ಳಿ. ಪುಸ್ತಕದ ಕನ್ನಡ ಬೇಡ, ಅಡುಗೆಮನೆಯ ಕನ್ನಡ ಸಾಕು. ಉತ್ತರವನ್ನು ಯಾವ ಭಾಷೆಯಲ್ಲಾದರೂ ಬರೆಯಿರಿ. ನಿಮಗೆ ತೊಡಕಾಗಿರುವುದು ಕೆಲವೇ ಇಂಗ್ಲಿಷ್ ಪದಗುಚ್ಛಗಳು. ‘ನಾಟ್ ಮೋರ್ ದ್ಯಾನ್’, ‘ಗಿವನ್ ದಟ್’, ‘ರೆಸ್ಪೆಕ್ಟಿವ್‌ಲಿ’, ‘ಪರ್ ಯೂನಿಟ್’, ‘ಅದರ್ ಥಿಂಗ್ಸ್ ರಿಮೈನಿಂಗ್ ದಿ ಸೇಮ್’ ಇಂಥ ನಲವತ್ತು ಐವತ್ತು ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಅರ್ಥಸಹಿತ ಬರೆದಿಟ್ಟರೆ ಈ ಸೆಮಿಸ್ಟರ್‌ಗೆ ಬೇಕಾದಷ್ಟಾಯಿತು.

ಈಗ ನಿಮ್ಮ ಪತ್ರದ ಅತಿ ಮುಖ್ಯ ವಾಕ್ಯಕ್ಕೆ ಬರುತ್ತೇನೆ: ‘ಓದಿದಾಗ ಎಲ್ಲವೂ ಅರ್ಥವಾಗುತ್ತದೆ.’ ಈ ಅರ್ಥವಾಗುವಿಕೆ ಸುಳ್ಳಲ್ಲ, ಆದರೆ ಪರೀಕ್ಷೆಗೆ ಬೇಕಾದ ಅರ್ಥವಾಗುವಿಕೆ ಬೇರೆ. ಬಿಡಿಸಿದ ಲೆಕ್ಕ ಓದುವಾಗ ಪ್ರತಿ ಸಾಲೂ ಹಿಂದಿನ ಸಾಲಿನಿಂದ ಸರಿಯಾಗಿ ಬಂದಿದೆಯೇ ಎಂದಷ್ಟೇ ನೀವು ನೋಡುತ್ತೀರಿ. ಆ ಸಾಲನ್ನೇ ಏಕೆ ಆರಿಸಿದರು, ಬೇರೆ ಯಾವ ದಾರಿಗಳಿದ್ದವು ಎಂಬ ನಿರ್ಧಾರ ನಿಮ್ಮ ಪಾಲಿಗೆ ಬರುವುದೇ ಇಲ್ಲ. ಪರೀಕ್ಷೆಯಲ್ಲಿ ಕೇಳುವುದು ಆ ನಿರ್ಧಾರವನ್ನೇ. ಮೊದಲ ಸಾಲೇ ಹೊಳೆಯುವುದಿಲ್ಲ ಎಂದು ನೀವು ಬರೆದದ್ದು ಇದನ್ನೇ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿತು. ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗ ಕೊಟ್ಟರು. ಕೆಲವರು ಅದನ್ನು ಮತ್ತೊಮ್ಮೆ ಓದಿದರು, ಕೆಲವರು ಹಾಳೆ ಮುಚ್ಚಿ ನೆನಪಿದ್ದುದನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ ಮತ್ತೆ ಓದಿದವರಿಗೆ ನೆನಪಿದ್ದುದು ಸುಮಾರು ಶೇ 42, ಮುಚ್ಚಿ ಬರೆದವರಿಗೆ ಶೇ 56. ಓದಿದ್ದು ಲೆಕ್ಕವಲ್ಲ, ಗದ್ಯ, ನಿಜ. ಆದರೂ ಆ್ಯಪ್ ನೋಡಿದ ರಾತ್ರಿ ನಿಮಗೆ ಬರುವ ಭರವಸೆ ಆ ಐದು ನಿಮಿಷದ ಭರವಸೆಯಂಥದ್ದೇ. ನಿಮ್ಮ ಪರೀಕ್ಷೆ ವಾರಗಳ ನಂತರ ಇರುತ್ತದೆ.

ವಿಷಯವಾರು ಎಡವುವ ಜಾಗಗಳನ್ನೂ ಹೇಳಬೇಕು. ವೆಚ್ಚ ಲೆಕ್ಕಶಾಸ್ತ್ರದಲ್ಲಿ ಬ್ರೇಕ್ ಈವನ್ ತೆಗೆದುಕೊಳ್ಳಿ. ಒಂದು ಟಿಫಿನ್ ಅಂಗಡಿಗೆ ಬಾಡಿಗೆ, ಸಂಬಳ ಇತ್ಯಾದಿ ಸ್ಥಿರ ವೆಚ್ಚ ತಿಂಗಳಿಗೆ 30,000 ರೂಪಾಯಿ. ಒಂದು ಪ್ಲೇಟಿನ ಬೆಲೆ 40, ಅದಕ್ಕೆ ತಗಲುವ ಅಕ್ಕಿ, ಬೇಳೆ, ಗ್ಯಾಸ್ ಸೇರಿ 25. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು ಎಷ್ಟು ಪ್ಲೇಟ್ ಮಾರಬೇಕು? ಅನೇಕರು 30,000ವನ್ನು 40ರಿಂದ ಭಾಗಿಸಿ 750 ಎನ್ನುತ್ತಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ನೋಡಿ. 750 ಪ್ಲೇಟಿಗೆ 30,000 ಬಂತು, ಎಲ್ಲವೂ ಬಾಡಿಗೆ ಸಂಬಳಕ್ಕೆ ಹೋಯಿತು, ಇನ್ನು ಅಕ್ಕಿ ಬೇಳೆಯ 18,750 ರೂಪಾಯಿ ಯಾರು ಕೊಡುತ್ತಾರೆ? ಪ್ರತಿ ಪ್ಲೇಟಿನಿಂದ ಸ್ಥಿರ ವೆಚ್ಚ ತೀರಿಸಲು ಉಳಿಯುವುದು 15 ರೂಪಾಯಿ ಮಾತ್ರ, ಆದ್ದರಿಂದ 2,000 ಪ್ಲೇಟ್. ತಿಂಗಳಿಗೆ 26 ದಿನ ತೆರೆದರೆ ದಿನಕ್ಕೆ 77. ಇದನ್ನು ಹೀಗೆ ಒಮ್ಮೆ ಕಂಡವರಿಗೆ, ಆ 15 ರೂಪಾಯಿಗೆ ಪುಸ್ತಕ ಕೊಡುವ ‘ಕಾಂಟ್ರಿಬ್ಯೂಷನ್’ ಎಂಬ ಪದವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ, ಹೆದರಿಸುತ್ತದೆ, ಏಕೆಂದರೆ ಒಂದೇ ಲೆಕ್ಕಕ್ಕೆ ಪುಸ್ತಕದಲ್ಲೊಂದು, ಆ್ಯಪ್‌ನಲ್ಲೊಂದು ಉತ್ತರ ಸಿಗುತ್ತದೆ. ಟೊಮೆಟೊ ಬೆಲೆ ಕಿಲೋಗೆ 20ರಿಂದ 25 ರೂಪಾಯಿಗೆ ಏರಿ, ಮಾರಾಟ 100ರಿಂದ 90 ಕಿಲೋಗೆ ಇಳಿಯಿತು ಎನ್ನೋಣ. ಪ್ರಮಾಣ ಇಳಿದದ್ದು ಶೇ 10, ಬೆಲೆ ಏರಿದ್ದು ಶೇ 25, 10ನ್ನು 25ರಿಂದ ಭಾಗಿಸಿದರೆ 0.4. ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯಿರಿ. ಬೆಲೆ 25ರಿಂದ 20ಕ್ಕೆ ಇಳಿದರೆ ಶೇ 20, ಮಾರಾಟ 90ರಿಂದ 100ಕ್ಕೆ ಏರಿದರೆ ಶೇ 11.1, ಉತ್ತರ 0.56. ಎರಡೂ ಬೆಲೆಗಳ ಮತ್ತು ಎರಡೂ ಪ್ರಮಾಣಗಳ ಸರಾಸರಿಯನ್ನು ಆಧಾರವಾಗಿ ಹಿಡಿದರೆ 0.47. ಮೂರರಲ್ಲಿ ಯಾವುದೂ ತಪ್ಪಲ್ಲ, ಆಧಾರ ಬೇರೆ ಅಷ್ಟೇ. ನಿಮ್ಮ ಪಠ್ಯಕ್ರಮ ಯಾವ ಆಧಾರವನ್ನು ಕೇಳುತ್ತದೆ ಎಂದು ಅಧ್ಯಾಪಕರಲ್ಲಿ ಮೊದಲೇ ಕೇಳಿಕೊಳ್ಳಿ. ಇನ್ನೊಂದು ಮಾತು, ವಿಜ್ಞಾನದಿಂದ ಅರ್ಥಶಾಸ್ತ್ರಕ್ಕೆ ಬಂದವರಿಗಾಗಿ: ಬೇಡಿಕೆ ರೇಖೆಯಲ್ಲಿ ಕಾರಣವಾದ ಬೆಲೆ ಲಂಬ ಅಕ್ಷದಲ್ಲಿರುತ್ತದೆ, ಪರಿಣಾಮವಾದ ಪ್ರಮಾಣ ಅಡ್ಡ ಅಕ್ಷದಲ್ಲಿ. ಭೌತಶಾಸ್ತ್ರದ ನಕ್ಷೆಗಳ ರೂಢಿಗೆ ಇದು ತಿರುಗುಮುರುಗು. 19ನೇ ಶತಮಾನದ ಕೊನೆಯಲ್ಲಿ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಬರೆದ ನಕ್ಷೆಗಳಿಂದ ಬೇರೂರಿದ ರೂಢಿ ಅದು. ಇಳಿಜಾರು ಕಂಡುಹಿಡಿಯುವಾಗ ಇದನ್ನು ಮರೆತರೆ ಉತ್ತರವೂ ತಲೆಕೆಳಗಾಗುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ಕ್ಯಾಲ್ಕ್ಯುಲೇಟರ್‌ನ ಒಂದು ಗುಂಡಿ ಎಷ್ಟೋ ವಿದ್ಯಾರ್ಥಿಗಳ ನಿದ್ದೆ ಕೆಡಿಸಿದೆ. 2, 4, 4, 4, 5, 5, 7, 9 ಇವುಗಳ ಮಾನಕ ವಿಚಲನೆ, ಅಂದರೆ ಸರಾಸರಿಯ ಸುತ್ತ ಸಂಖ್ಯೆಗಳು ಎಷ್ಟು ಹರಡಿವೆ ಎಂಬ ಅಳತೆ, ಕೇಳಿದರೆ ಒಂದು ಗುಂಡಿ 2 ಎನ್ನುತ್ತದೆ, ಪಕ್ಕದ ಗುಂಡಿ 2.14 ಎನ್ನುತ್ತದೆ. ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ 32. ಮೊದಲನೆಯದು ಅದನ್ನು 8ರಿಂದ ಭಾಗಿಸಿ ವರ್ಗಮೂಲ ತೆಗೆಯುತ್ತದೆ, ಎರಡನೆಯದು 7ರಿಂದ. ಈ ಎಂಟೇ ನಿಮಗೆ ಬೇಕಾದ ಇಡೀ ಸಮೂಹವಾದರೆ 8. ದೊಡ್ಡ ಸಮೂಹವೊಂದರಿಂದ ತೆಗೆದ ಮಾದರಿಯಾದರೆ 7. ಮಾದರಿಯ ಬಿಂದುಗಳು ಸಮೂಹದ ನಿಜವಾದ ಸರಾಸರಿಗಿಂತ ತಮ್ಮದೇ ಸರಾಸರಿಗೆ ಹೆಚ್ಚು ಹತ್ತಿರ ಇರುತ್ತವೆ, ಆದ್ದರಿಂದ ಹರಡಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. 7ರಿಂದ ಭಾಗಿಸುವುದು ಆ ಕೊರತೆಯನ್ನು ಸರಿದೂಗಿಸಲು.

ನಿಮ್ಮ ತಮ್ಮನಿಗೆ ಒಂದೇ ಮಾತು: ಪ್ರತಿ ಸಂಖ್ಯೆಯ ಪಕ್ಕ ಅದರ ಏಕಮಾನ ಬರೆಯಲಿ, ಮೊದಲ ಸಾಲಿನಿಂದ ಕೊನೆಯವರೆಗೆ ಎಲ್ಲೂ ಬಿಡದೆ. ದೂರ ಕೇಳಿದ ಲೆಕ್ಕದಲ್ಲಿ ಕೊನೆಗೆ ಮೀಟರ್ ಬರದೆ ಮೀಟರ್ ಪ್ರತಿ ಸೆಕೆಂಡ್ ಬಂದರೆ ನಡುವೆ ಎಲ್ಲೋ ಕಾಲದಿಂದ ಗುಣಿಸುವುದು ತಪ್ಪಿದೆ ಎಂದು ತಾನಾಗಿ ಗೊತ್ತಾಗುತ್ತದೆ. 1983ರಲ್ಲಿ ಕೆನಡಾದಲ್ಲಿ ಒಂದು ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಲೆಕ್ಕ ಹಾಕುವಾಗ ಕಿಲೋ ಬದಲು ಪೌಂಡ್‌ನ ಪರಿವರ್ತನಾಂಕ ಬಳಸಿದ್ದರಿಂದ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ವಿಮಾನ ಹಾರಿತು. ಎರಡೂ ಎಂಜಿನ್ ಆಕಾಶದಲ್ಲೇ ನಿಂತವು. ಪೈಲಟ್‌ಗಳು ಅದನ್ನು ತೇಲಿಸಿಕೊಂಡು ಹೋಗಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರ ಜೀವವೂ ಹೋಗಲಿಲ್ಲ.

ಇನ್ನು ನೀವು ಕೇಳಿದ ದಾರಿಗಳು. ಆ್ಯಪ್ ಬಿಡಿ ಎಂದು ನಾನು ಹೇಳುವುದಿಲ್ಲ. ಸಂದೇಹ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದ ಊರುಗಳಲ್ಲಿ ರಾತ್ರಿ ಹತ್ತು ಗಂಟೆಗೆ ಅದೊಂದೇ ದಿಕ್ಕು ಎಂಬುದು ನನಗೆ ಗೊತ್ತು. ಆದರೆ ಕ್ರಮ ಬದಲಿಸಿ. ಲೆಕ್ಕವನ್ನು ಮೊದಲು ಇಪ್ಪತ್ತು ನಿಮಿಷ ನೀವೇ ಹಿಡಿಯಿರಿ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಉತ್ತರ ಅಂದಾಜು ಎಷ್ಟಿರಬೇಕು ಎಂಬ ಮೂರನ್ನಾದರೂ ಬರೆಯಿರಿ. ನಿಂತಲ್ಲಿ ಆ್ಯಪ್ ತೆರೆದು ಮುಂದಿನ ಒಂದೇ ಸಾಲು ನೋಡಿ, ಮುಚ್ಚಿ, ಮತ್ತೆ ನಡೆಯಿರಿ. ಪೂರ್ತಿ ನೋಡಲೇಬೇಕಾಗಿ ಬಂದ ಲೆಕ್ಕಕ್ಕೆ ಗುರುತು ಹಾಕಿ ಮೂರು ದಿನ ಬಿಟ್ಟು ಖಾಲಿ ಹಾಳೆಯಲ್ಲಿ ಮಾಡಿ. ಅಪಾಯ ಒಂದಿದೆ. ಆ್ಯಪ್ ತಪ್ಪು ಮಾಡಿದಾಗಲೂ ಅದರ ಭಾಷೆ ಅಷ್ಟೇ ಖಚಿತವಾಗಿರುತ್ತದೆ. ಅಂದಾಜು ಮೊದಲೇ ಬರೆದಿಟ್ಟವರಿಗೆ ಮಾತ್ರ ಆ ತಪ್ಪು ಕಾಣುತ್ತದೆ. ನಿಮ್ಮ ಬಲ್ಬ್ ಲೆಕ್ಕವನ್ನೇ ನೋಡಿ. ಐದು ಬಲ್ಬ್‌ನಲ್ಲಿ ಸರಾಸರಿ ಕೆಡುವುದು ಅರ್ಧ ಬಲ್ಬ್. ಹಾಗಿರುವಾಗ ಎರಡಾದರೂ ಕೆಟ್ಟಿರುವ ಸಂಭವನೀಯತೆ ಶೇ 99 ಆಗಲು ಸಾಧ್ಯವೇ? ಅಂದಾಜಿನ ಅರ್ಧ ನಿಮಿಷ ನಿಮಗೆ ಐದು ಅಂಕ ಉಳಿಸುತ್ತಿತ್ತು.

ಟ್ಯೂಷನ್‌ಗೆ ಸೇರುವ ಮೊದಲು ಒಂದು ತರಗತಿಯಲ್ಲಿ ಕುಳಿತು ನೋಡಿ. ಅಲ್ಲಿ ಬರೆಯುತ್ತಿರುವವರು ಯಾರು? ಹಲಗೆಯ ಮೇಲೆ ಅಧ್ಯಾಪಕರು ಲೆಕ್ಕ ಬಿಡಿಸಿ ನೀವು ನಕಲು ಮಾಡಿಕೊಳ್ಳುವುದಾದರೆ ಅದು ಶುಲ್ಕ ಕಟ್ಟಿ ನೋಡುವ ಆ್ಯಪ್. ನೀವು ಬರೆದು, ಅವರು ನಿಮ್ಮ ಹಾಳೆಯ ಮೇಲೆ ಬೆರಳಿಡುವುದಾದರೆ ಕೊಟ್ಟ ಹಣ ಸಾರ್ಥಕ. ಇಬ್ಬರು ಮೂವರು ಗೆಳತಿಯರು ಸೇರಿ ಓದುವುದು ಅದಕ್ಕಿಂತ ಅಗ್ಗ, ಹಲವು ಸಲ ಅದಕ್ಕಿಂತ ಉತ್ತಮ. ಆದರೆ ಗುಂಪಿನಲ್ಲಿ ಚುರುಕಾದ ಒಬ್ಬಳೇ ಎಲ್ಲ ಲೆಕ್ಕ ಮಾಡಿ ಉಳಿದವರು ತಲೆಯಾಡಿಸುವ ಹಾಗೆ ಆಗದಂತೆ ನೋಡಿಕೊಳ್ಳಿ.

ಹಣ ಕೊಟ್ಟು ಬರೆಸುವ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಬೇಡ. ಸಿಕ್ಕಿಬಿದ್ದರೆ ಶಿಸ್ತುಕ್ರಮ ಎದುರಿಸಬೇಕಾದೀತು. ಸಿಕ್ಕಿಬೀಳದಿದ್ದರೆ ಆಗುವ ನಷ್ಟ ಇನ್ನೂ ದೊಡ್ಡದು. ಅಸೈನ್‌ಮೆಂಟ್ ಎಂಬುದು ತಪ್ಪು ಮಾಡಲು ನಿಮಗೆ ಸಿಗುವ ಅಗ್ಗದ ಜಾಗ. ಅಲ್ಲಿ ಎಡವಿದರೆ ಒಂದೆರಡು ಅಂಕ ಹೋಗುತ್ತದೆ, ಎಲ್ಲಿ ಎಡವಿದಿರಿ ಎಂಬುದು ತಿಳಿಯುತ್ತದೆ. ನಿಮ್ಮ ಗೆಳತಿಯರು ಆ ತಿಳಿವನ್ನು ಮಾರಿಕೊಂಡಿದ್ದಾರೆ. ಅವರ ಮೇಲೆ ಕೋಪ ಬೇಡ, ಅವರಿಗೂ ನಿಮ್ಮಷ್ಟೇ ಭಯವಿದೆ.

ವಿಷಯ ಬದಲಿಸುವ ಯೋಚನೆ ಬಂದಿದ್ದರೆ ಸೆಮಿಸ್ಟರ್ ಮುಗಿಯುವವರೆಗೆ ಬದಿಗಿಡಿ. 20ಕ್ಕೆ 6 ಎಂಬುದು ಒಂದು ಕಿರುಪರೀಕ್ಷೆಯ ಅಂಕ. ಆ ಪುಟವನ್ನು ಓದಿದ ನನಗೆ ಅದು ಅಷ್ಟು ದೊಡ್ಡ ನಿರ್ಧಾರಕ್ಕೆ ಸಾಲುವ ಸಾಕ್ಷಿ ಎನಿಸುವುದಿಲ್ಲ.

ಅಭ್ಯಾಸದ ಬಗ್ಗೆ ಒಂದು ಸೂಕ್ಷ್ಮ ಉಳಿಯಿತು. ಒಂದೇ ಅಧ್ಯಾಯದ ಹದಿನೈದು ಲೆಕ್ಕಗಳನ್ನು ಒಂದೇ ಸಂಜೆ ಮಾಡಿದರೆ ಮೂರನೆಯದರಿಂದ ಕೈ ತಾನಾಗಿ ಓಡುತ್ತದೆ, ಏಕೆಂದರೆ ಯಾವ ಸೂತ್ರ ಎಂದು ಅಧ್ಯಾಯದ ಶೀರ್ಷಿಕೆಯೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ಶೀರ್ಷಿಕೆ ಇರುವುದಿಲ್ಲ. ಹಳೆಯ ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು ಒಂದು ಡಬ್ಬಿಯಲ್ಲಿ ಹಾಕಿ, ದಿನಕ್ಕೆ ನಾಲ್ಕು ತೆಗೆಯಿರಿ. ಬಿಡಿಸಲು ಸಮಯವಿಲ್ಲದ ದಿನ ಮೊದಲ ಸಾಲನ್ನಷ್ಟೇ ಬರೆದು ಚೀಟಿಯನ್ನು ಡಬ್ಬಿಗೆ ಹಾಕಿ. ನಿಮಗೆ ಕೊರತೆಯಿರುವುದು ಆ ಮೊದಲ ಸಾಲಿನದ್ದೇ.

ಈ ವಾರವೇ ಆ ಕೆಂಪು ಗೆರೆಯ ಪುಟವನ್ನು ಹಿಡಿದು ನಿಮ್ಮ ಅಧ್ಯಾಪಕರ ಬಳಿ ಹೋಗಿ. ‘ಸರ್, ಇದು ಹೇಗೆ ಮಾಡುವುದು’ ಎಂದು ಕೇಳಿದರೆ ಅವರು ಮತ್ತೆ ಬಿಡಿಸಿ ತೋರಿಸುತ್ತಾರೆ, ನೀವು ಮತ್ತೆ ನೋಡುತ್ತೀರಿ. ಅದರ ಬದಲು, ಅಂಕ ಹೋದ ಉಳಿದ ಲೆಕ್ಕಗಳಲ್ಲಿ ಪ್ರಶ್ನೆಯನ್ನು ನೀವು ಹೇಗೆ ಓದಿಕೊಂಡಿರಿ ಎಂದು ಮನೆಯಲ್ಲೇ ಒಂದೊಂದು ಸಾಲು ಕನ್ನಡದಲ್ಲಿ ಬರೆದುಕೊಂಡು ಹೋಗಿ, ಆ ಸಾಲುಗಳನ್ನು ಅವರಿಗೆ ಓದಿ ಹೇಳಿ. ಎಲ್ಲಿ ತಪ್ಪಿತು ಎಂದು ಅವರು ಬೆರಳಿಟ್ಟು ತೋರಿಸಲಿ. ಬಿಡಿಸುವುದನ್ನು ಮನೆಗೆ ಬಂದು ನೀವೇ ಮಾಡಿ.